ಅತಾಲೀಬಾ ಬಿಟ್ಟ ಸೀಟು

ಪೆಲೋಟಾಸ್
6 ಜೂನ್ 1989, ಮಂಗಳವಾರ

ಮುದ್ದಿನ ಮಗಳು ಜುರೇಮಾಗೆ,

ನಿನ್ನ ಅಮ್ಮನ ಅಪ್ಪುಗೆ. ನೀನು ಕಾಗದ ಬರೆದು ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಬೈಯಬೇಡ. ಬಟ್ಟೆ ಒಣಗದ ಹವೆ, ಸೌದೆಯೆಲ್ಲ ಹಸಿ, ಯಾರದೋ ಮದುವೆಗೆ ಮೊಟ್ಟೆಯ ಮಿಠಾಯಿ ಮಾಡಿಕೊಡಲು ಒಪ್ಪಿಕೊಂಡು ಬೆರಳು ಸುಟ್ಟುಕೊಂಡೆ, ಹೀಗೆಲ್ಲ ನೆಪ ಹೇಳಬಹುದು. ನಿಜ ಹೇಳಲೇ? ನಿನಗೆ ಬರೆಯುವ ಮನಸ್ಸೇ ಇರಲಿಲ್ಲ. ಫೋನಿನಲ್ಲಿ ಮಾತಾಡಿಬಿಡೋಣ ಎಂದರೆ ಅದು ಇರುವುದು ನಿಮ್ಮಪ್ಪನ ಕುರ್ಚಿಯ ಪಕ್ಕ. ಊಟಕ್ಕೆ ಕರೆದರೆ ಕೇಳಿಸದ ಕಿವಿ ಅವರದು, ಆದರೆ ಫೋನಿನಲ್ಲಿ ನಾನು ಪಿಸುಗುಟ್ಟಿದ್ದೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ.

ಮುಂದಿನ ಶನಿವಾರ ನೀನು ಬಂದಿಳಿಯುತ್ತೀಯ, ಮರುದಿನ ಅಪ್ಪ ಮಗಳು ಗಡಿ ದಾಟಿ ಉರುಗ್ವೆಗೆ ಕೌಜುಗದ ಬೇಟೆಗೆ ಹೊರಡುತ್ತೀರಿ. ಮನೆಯಲ್ಲಿ ಬೇರೆ ಮಾತೇ ಇಲ್ಲ. ಊಟದ ಮೇಜಿನ ತುಂಬ ಕಾಡತೂಸು, ಕುರ್ಚಿಗಳ ಮೇಲೆ ಕಂಬಳಿ, ಸೋಫಾದ ಮೇಲೆ ಹೊದ್ದುಕೊಳ್ಳಲು ನಿನಗೂ ಅವರಿಗೂ ಒಂದೊಂದು ಉಣ್ಣೆಯ ಪೊಂಚೊ. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೇನೆ. ಕೋವಿಗೆ ಎಣ್ಣೆ ಹಾಕಿ ಒರೆಸಿದ್ದೇ ಒರೆಸಿದ್ದು. ನಿನ್ನೆ ನಮ್ಮ ಅಂಗಡಿಗೆ ನಲ್ಲಿಯ ವಾಷರ್ ಕೇಳಿಕೊಂಡು ಬಂದ ಪುಣ್ಯಾತ್ಮನನ್ನು ನಿಲ್ಲಿಸಿಕೊಂಡು, ಈ ಸಲ ನನ್ನ ಮಗಳು ಬರುತ್ತಿದ್ದಾಳೆ, ಪೋರ್ತೊ ಅಲೆಗ್ರೆಯಲ್ಲಿ ದೊಡ್ಡ ಕೆಲಸ, ಆದರೂ ಅಪ್ಪನಿಗಾಗಿ ರಜೆ ಹಾಕಿದ್ದಾಳೆ ಎಂದು ಶುರು ಮಾಡಿದರಂತೆ. ಪಾಪ, ಆತ ವಾಷರ್ ಮರೆತು ಹೋದ.

ಅತಾಲೀಬಾನ ಭುಜ ಇನ್ನೂ ಪಟ್ಟಿಯಲ್ಲೇ ಇದೆ. ಅವನ ಕ್ಷೌರದಂಗಡಿಗೆ ಬಾಗಿಲು ಹಾಕಿದೆ. ಆಂಟೆನಾ ತಿರುಗಿಸುತ್ತೇನೆಂದು ಈ ವಯಸ್ಸಿನಲ್ಲಿ ಮಾಡು ಹತ್ತುವವನಿಗೆ ಏನು ಹೇಳುವುದು? ಪ್ರತಿ ಚಳಿಗಾಲವೂ ಬೇಟೆಗೆ ಅವನೂ ನಿಮ್ಮಪ್ಪನೂ ಇಬ್ಬರೇ ಅಲ್ಲವೇ ಹೋಗುತ್ತಿದ್ದದ್ದು. ಅತಾಲೀಬಾ ಹೆಸರಿಗೆ ಕೋವಿ ಒಯ್ಯುತ್ತಿದ್ದ, ಅವನ ಗುಂಡಿಗೆ ಬಿದ್ದ ಹಕ್ಕಿಯನ್ನು ನಾನಂತೂ ಕಂಡಿಲ್ಲ. ಅವನ ಕೆಲಸವೇ ಬೇರೆ. ನಸುಕಿನಲ್ಲಿ ಎದ್ದು ಬೆಂಕಿ ಮಾಡಿ, ನೀರು ಕಾಯಿಸಿ, ಸೋರೆಬುರುಡೆಗೆ ಸೊಪ್ಪಿನ ಪುಡಿ ತುಂಬಿ ನಿಮ್ಮಪ್ಪನಿಗೆ ಶಿಮರಾಂವ್ ಮಾಡಿಕೊಡುವುದು. ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ಕುಳಿತು ಬುರುಡೆ ತುಂಬಿ ತುಂಬಿ ಕೈಗೆ ಕೊಡುವುದು. ಅದು ಹೊಟ್ಟೆಗೆ ಬೀಳದಿದ್ದರೆ ನಿಮ್ಮಪ್ಪನಿಗೆ ಹಕ್ಕಿಯೂ ಕಾಣುವುದಿಲ್ಲ, ರಸ್ತೆಯೂ ಕಾಣುವುದಿಲ್ಲ.

ಅವನು ಬಿದ್ದ ಸುದ್ದಿ ಬಂದ ಮರುದಿನ ನಾವಿಬ್ಬರೂ ಎಂದಿನಂತೆ ಒಲೆಯ ಪಕ್ಕ ಕುಳಿತಿದ್ದೆವು. ಎಂದಿನಂತೆ ಮೊದಲನೆಯ ಕಡುಕಹಿ ಬುರುಡೆಯನ್ನು ನಾನು ಕುಡಿದು, ಎರಡನೆಯದನ್ನು ತುಂಬಿ ಅವರಿಗೆ ಕೊಟ್ಟೆ. ಸೊರ್ರೆಂದು ಸದ್ದು ಬರುವವರೆಗೆ ಹೀರಿದರು. ಬುರುಡೆಯನ್ನು ನನ್ನ ಕೈಗೆ ವಾಪಸು ಕೊಡುತ್ತ, "ಹೊಡೆಯೋಕೆ ನಾನೊಬ್ಬ ಸಾಕು ಇದಾಲೀನಾ. ಆದರೆ ಹದವಾಗಿ ಶಿಮರಾಂವ್ ಮಾಡಿಕೊಡೋರು ಇನ್ಯಾರು ಸಿಗ್ತಾರೆ ನಂಗೆ?" ಅಂದರು.

ನನ್ನ ಮುಖ ನೋಡಿಕೊಂಡೇ ಅಂದರು ಕಣೆ. ನಾನು ಮತ್ತೆ ನೀರು ಹೊಯ್ದು, "ಹುಡುಕಿ, ಸಿಗ್ತಾರೆ" ಅಂದೆ.

ಹುಡುಕಿದರು ಮಹಾರಾಯರು. ಔಷಧಿ ಅಂಗಡಿಯವನನ್ನು ಕೇಳಿದರು, ಅವನಿಗೆ ಬಿಡುವಿಲ್ಲ. ಅತಾಲೀಬಾನ ಭಾವಮೈದುನನನ್ನು ಕೇಳಿದರು, ಅವನು ಗೊರಕೆ ಹೊಡೆಯುತ್ತಾನೆಂದು ತಾವೇ ಬೇಡವೆಂದರು. ಒಬ್ಬೊಬ್ಬರ ಹೆಸರು ಬಿಟ್ಟುಹೋದಾಗಲೂ ನನಗೆ ಒಳಗೊಳಗೇ ಖುಷಿ, ಇನ್ನು ನನ್ನ ಬಳಿಗೇ ಬರಬೇಕಲ್ಲ ಎಂದು. ಮದುವೆಯಾದಂದಿನಿಂದ ಅವರ ಬೆಳಗಿನ ಬುರುಡೆ ತುಂಬಿದವಳು ನಾನು, ನನ್ನನ್ನು ಬಿಟ್ಟು ಇನ್ನೆಲ್ಲಿಗೆ ಹೋದಾರು? ಅವರು ನೆಟ್ಟಗೆ ನಿನಗೆ ಫೋನು ಹಚ್ಚಿದರು. ನೀನು "ಆಗ್ಲಿ ಅಪ್ಪಾ" ಎಂದು ಕೂಗಿದ್ದು ಅಡುಗೆಮನೆಗೂ ಕೇಳಿಸಿತು. ಆಮೇಲೆ ಬಂದು ನನ್ನ ಸೊಂಟ ಹಿಡಿದು ಒಂದು ಸುತ್ತು ಕುಣಿಸಿದರು.

ಹೊಟ್ಟೆಕಿಚ್ಚು ಜುರೇಮಾ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು. ಪಕ್ಕದ ಮನೆಯ ಜಿಲಾ ಹೊಸ ಫ್ರಿಜ್ ತಂದಾಗ ಆದಂಥದ್ದಲ್ಲ, ಅದು ಸಂಜೆಯೊಳಗೆ ಆರಿತು. ಇದು ಆರುತ್ತಿಲ್ಲ. ನಿನ್ನ ಪೊಂಚೊ ಮಡಿಸುವಾಗ ಕೈ ತಾನಾಗಿ ಕುಪ್ಪೆ ಹಾಕುತ್ತದೆ, ಆಮೇಲೆ ನಾಚಿಕೆಯಾಗಿ ಮತ್ತೆ ಬಿಡಿಸಿ ಮಡಿಸುತ್ತೇನೆ.

ನೀನು ಚಿಕ್ಕವಳಿದ್ದಾಗಲೂ ಹೀಗೇ. ಅಪ್ಪನ ಗಾಡಿಯ ಸದ್ದು ಕೇಳಿದರೆ ಸಾಕು, ನಾನು ಜಡೆ ಹಾಕುತ್ತಿದ್ದರೂ ನೀನು ಅರ್ಧಕ್ಕೇ ಬಿಡಿಸಿಕೊಂಡು ಗೇಟಿಗೆ ಓಡುತ್ತಿದ್ದೆ. ಎಷ್ಟು ಹಕ್ಕಿ ಅಪ್ಪಾ, ನಾಯಿ ಹೇಗೆ ನಿಂತಿತು ಅಪ್ಪಾ, ಹಾರುವಾಗ ಸಿಳ್ಳೆ ಹಾಕಿತಾ ಅಪ್ಪಾ. ರಾತ್ರಿ ಊಟವಿಡೀ ಅವರ ಕಥೆ. ನಾನು ಹಿತ್ತಲಿನಲ್ಲಿ ಬೋಗುಣಿ ಇಟ್ಟುಕೊಂಡು ಪುಕ್ಕ ಕೀಳುತ್ತಿದ್ದೆ. ಈರುಳ್ಳಿ, ಲವಂಗದೆಲೆ, ವಿನೆಗರ್ ಹಾಕಿ ಜಾಡಿಗೆ ತುಂಬುತ್ತಿದ್ದೆ, ಬೀದಿಯೆಲ್ಲ ಹೊಗಳುತ್ತಿತ್ತು. ಇಷ್ಟು ವರ್ಷದಲ್ಲಿ ನನ್ನ ಕೈಗೆ ಬಂದ ಕೌಜುಗಗಳೆಲ್ಲ ಕಣ್ಣು ಮುಚ್ಚಿದವೇ. ಹುಲ್ಲಿನಿಂದ ಒಂದು ಎದ್ದು ಹಾರುವುದನ್ನು ನಾನು ನೋಡಿಲ್ಲ.

ಗಡಿಯಾಚೆ ಅವರು ಉಳಿದುಕೊಳ್ಳುವ ತೋಟದ ಮನೆಯಲ್ಲಿ ಅಡುಗೆ ಮಾಡುವ ಚೇಲಾ ಎಂಬುವಳ ಮೇಲೂ ನನಗೆ ಬಹಳ ಕಾಲ ಹೊಟ್ಟೆ ಉರಿಯುತ್ತಿತ್ತು, ನಿನಗೆ ಗೊತ್ತಿಲ್ಲ. ಚೇಲಾಳ ರೊಟ್ಟಿ, ಚೇಲಾ ಸುಟ್ಟ ಕುರಿಮಾಂಸ, ಹಾಸಿಗೆಗೆ ಚೇಲಾ ಬಿಸಿ ಇಟ್ಟಿಗೆ ಸುತ್ತಿ ಇಡುತ್ತಾಳೆ. ಹಾಸಿಗೆಯವರೆಗೆ ಬಂದಳಲ್ಲ ಎಂದು ಒಂದು ಚಳಿಗಾಲವಿಡೀ ಅವರೊಡನೆ ಮಾತು ಬಿಟ್ಟಿದ್ದೆ. ಆಮೇಲೆ ಅತಾಲೀಬಾ ಫೋಟೊ ತಂದು ತೋರಿಸಿದ. ಬಾಯಲ್ಲಿ ಒಂದೂ ಹಲ್ಲಿಲ್ಲ, ನಮ್ಮಜ್ಜಿಯ ವಯಸ್ಸು, ಕೈಯಲ್ಲಿ ಊರುಗೋಲು. ಈ ಮುದುಕಿಗಾಗಿ ಒಂದು ಚಳಿಗಾಲ ಹಾಳಾಯಿತಲ್ಲ ಎಂದು ನಾನೇ ನಕ್ಕೆ. ಅವಳು ಈಗಲೂ ಇದ್ದಾಳಂತೆ. ಅವಳಿಗೊಂದು ಶಾಲು ಇಟ್ಟಿದ್ದೇನೆ, ಮರೆಯದೆ ಕೊಡು.

ಗುರುವಾರ

ಅಷ್ಟು ಬರೆಯುವಷ್ಟರಲ್ಲಿ ನಿಮ್ಮಪ್ಪ ಒಳಗೆ ಬಂದರು. ಯಾರಿಗೆ ಬರೆಯುತ್ತಿದ್ದೀಯ ಎಂದರು, ಮಗಳಿಗೆ ಎಂದೆ. ಉಣ್ಣೆಯ ಕಾಲುಚೀಲ ತರಲು ಹೇಳು ಎಂದು ಹೊರಟುಹೋದರು. ಹೇಳಿದ್ದೇನೆ. ಉಣ್ಣೆಯ ಕಾಲುಚೀಲ ತಾ.

ಸೆಂಟು ತರಬೇಡ, ಹಚ್ಚಿಕೊಂಡು ಬರಲೂ ಬೇಡ. ಫಯಿಸ್ಕಾಳ ಮೂಗು ಕೆಡುತ್ತದಂತೆ. ಆ ನಾಯಿಯ ವಿಷಯ ಕೇಳಲೇಬೇಡ. ವರ್ಷವಿಡೀ ಅನ್ನ ಹಾಕಿ, ಮೈ ತಿಕ್ಕಿ, ಕಿವಿಯೊಳಗಿನ ಉಣ್ಣೆಹುಳ ಕಿತ್ತವಳು ನಾನು. ಮಳೆಗಾಲದಲ್ಲಿ ಗುಡುಗಿದರೆ ನನ್ನ ಲಂಗದೊಳಗೆ ತಲೆ ತೂರಿಸುತ್ತಾಳೆ. ಕೋವಿಯ ಪೆಟ್ಟಿಗೆ ಹೊರಗೆ ಬಂದ ದಿನದಿಂದ ನಾನು ಯಾರೋ, ಅವಳು ಯಾರೋ. ಪೆಟ್ಟಿಗೆಯ ಪಕ್ಕ ಮಲಗಿದ್ದಾಳೆ, ಮಾಂಸ ತೋರಿಸಿ ಕರೆದರೂ ಬಾಲ ಮಾತ್ರ ಅಲ್ಲಾಡಿಸುತ್ತಾಳೆ, ಏಳುವುದಿಲ್ಲ. ನೀವಿಬ್ಬರೂ ಒಂದೇ ಜಾತಿ.

ಚೀಲದಲ್ಲಿ ನಿನಗೆ ಒಳಗೆ ಹಾಕಿಕೊಳ್ಳಲು ಎರಡು ಜೊತೆ ದಪ್ಪ ಪೈಜಾಮ, ಕಿವಿ ಮುಚ್ಚುವ ಟೋಪಿ, ನಾಯಿಯ ಪಾದಕ್ಕೆ ಮುಲಾಮು, ಹತ್ತಿ. ಬಯಲಿನಲ್ಲಿ ಮುಳ್ಳಿನ ಹುಲ್ಲು ಇರುತ್ತದಂತೆ, ಸಂಜೆಗೊಮ್ಮೆ ಅವಳ ಬೆರಳ ಸಂದಿ ನೋಡಬೇಕು. ದಾರಿಗೆ ಹುರಿದ ಕೋಳಿ, ಮರಗೆಣಸಿನ ಹಿಟ್ಟಿನ ಫರೋಫಾ, ಒಣ ಸಾಸೇಜು, ಗಿಣ್ಣು. ಕೋಳಿಯ ತೊಡೆ ನಿಮ್ಮಪ್ಪನಿಗೆ ಕೊಡು, ಕೇಳದೆ ನೀನೇ ತಿಂದರೂ ಸರಿ. ಸೊಪ್ಪಿನ ಪುಡಿ ಎರಡು ಪೊಟ್ಟಣ ಹೆಚ್ಚಿಗೇ ಇಟ್ಟಿದ್ದೇನೆ. ಉರುಗ್ವೆಯವರ ಹಳೆಯ ಪುಡಿ ಅವರಿಗೆ ಆಗಿಬರುವುದಿಲ್ಲ, ಹಸಿರು ಹಸಿರಾಗಿರಬೇಕು.

ಇನ್ನು ಶಿಮರಾಂವ್ ಹೇಗೆ ಮಾಡುವುದೆಂದು ಕೇಳಿದ್ದೀಯ. ಶಿಮರಾಂವ್ ಕುಡಿದೇ ಬೆಳೆಯುವ ನಮ್ಮ ಸೀಮೆಯ ಗಾವುಶಾ ಹುಡುಗಿ, ಅದೂ ಇಪ್ಪತ್ತೆಂಟು ವರ್ಷದವಳು, ಕೇಳುವ ಪ್ರಶ್ನೆಯೇ ಇದು? ಕೇಳಿದ್ದೀಯ, ಹೇಳುತ್ತೇನೆ. ಬುರುಡೆಯಲ್ಲಿ ಪುಡಿ ಒಂದು ಪಕ್ಕಕ್ಕೆ ಗುಡ್ಡದಂತೆ ನಿಲ್ಲಬೇಕು. ಖಾಲಿ ಉಳಿದ ಪಕ್ಕಕ್ಕೆ ಮೊದಲು ಉಗುರುಬೆಚ್ಚಗಿನ ನೀರು ಹಾಕಿ ನೆನೆಯಲು ಬಿಡು. ಆಮೇಲೆ ಬೆಳ್ಳಿಯ ಕೊಳವೆಯನ್ನು ಬೆರಳಿನಿಂದ ಬಾಯಿ ಮುಚ್ಚಿ ಇಳಿಸು, ಇಳಿಸಿದ ಮೇಲೆ ಅಲ್ಲಾಡಿಸಬೇಡ. ಇಲ್ಲಿ ನಾನು ಹೊಡೆದುಹಾಕಿರುವ ಸಾಲನ್ನು ದೀಪಕ್ಕೆ ಹಿಡಿದು ಓದಲು ಹೋಗಬೇಡ, ನಾನೇ ಹೇಳುತ್ತೇನೆ. ನೀರು ಕೊತಕೊತ ಕುದಿಯಬೇಕು ಎಂದು ಬರೆದಿದ್ದೆ. ಕುದಿಯುವ ನೀರು ಹಾಕಿದರೆ ಪುಡಿ ಸುಟ್ಟು ಬಾಯಿ ಕೆಡುತ್ತದೆ, ನಿಮ್ಮಪ್ಪ ಮೊದಲ ಗುಟುಕಿಗೇ ಮುಖ ಕಿವುಚಿಕೊಂಡು, ಇದಾಲೀನಾ ಇದ್ದಿದ್ದರೆ ಎಂದು ಒಂದು ಸಲವಾದರೂ ಅನ್ನಲಿ ಎಂದು. ಬರೆದು ಪೆನ್ನು ಕೆಳಗಿಟ್ಟೆ. ಎದ್ದು ಹೋಗಿ ಪಾತ್ರೆ ತೊಳೆದೆ. ವಾಪಸು ಬಂದು ಹೊಡೆದುಹಾಕಿದೆ. ಕುದಿಯಬಾರದು. ಕೆಟಲ್ ಗುಂಯ್‌ಗುಡಲು ಶುರುವಾದಾಗ ಇಳಿಸು. ಮೊದಲನೆಯದನ್ನು ನೀನೇ ಕುಡಿ, ಮುಖ ಹುಳ್ಳಗೆ ಮಾಡಬೇಡ, ಅವರು ನೋಡುತ್ತಿರುತ್ತಾರೆ.

ಈ ಕಾಗದ ಓದಿದವಳೇ ಹಾರಿಬಿದ್ದು ಅಪ್ಪನಿಗೆ ಫೋನು ಮಾಡಿ, ನನಗೆ ರಜೆ ಸಿಗಲಿಲ್ಲ, ಅಮ್ಮನನ್ನು ಕರೆದುಕೊಂಡು ಹೋಗು ಎಂದು ನಾಟಕ ಆಡಬೇಡ. ನಿನ್ನ ಮನಸ್ಸು ನನಗೆ ಗೊತ್ತು, ಬಿಟ್ಟುಕೊಡುವ ಬುದ್ಧಿ ನಿನ್ನದು. ಮಗಳು ಬಿಟ್ಟುಕೊಟ್ಟ ಸೀಟಿನಲ್ಲಿ ಕುಳಿತು ಹೋಗುವಷ್ಟು ಬಡವಳಲ್ಲ ನಾನು. ಮೊದಲೇ ನನ್ನ ಸರದಿ ಔಷಧಿಯಂಗಡಿಯವನ ನಂತರ, ಗೊರಕೆಯವನ ನಂತರ, ನಿನ್ನ ನಂತರ. ನನಗೆ ಬೇಕಾಗಿದ್ದದ್ದು ಸೀಟಲ್ಲ. ಅವರು ಬಾಯಿಬಿಟ್ಟು ಒಂದು ಸಲ ಕೇಳುವುದು ಬೇಕಾಗಿತ್ತು. ಕೇಳಿದ್ದರೆ, ಮನೆ ಯಾರು ನೋಡಿಕೊಳ್ಳುತ್ತಾರೆ, ಚಳಿ, ನನಗ್ಯಾಕೆ ಈ ವಯಸ್ಸಿನಲ್ಲಿ ಎಂದು ಎರಡು ದಿನ ಬಿಗುಮಾನ ಮಾಡಿ ಆಮೇಲೆ ಒಪ್ಪುತ್ತಿದ್ದೆ. ಆ ಬಿಗುಮಾನಕ್ಕೆ ಬೇಕಾದ ಮಾತುಗಳನ್ನೆಲ್ಲ ಯೋಚಿಸಿಟ್ಟುಕೊಂಡಿದ್ದೆ.

ನೀನು ಹೋಗಿ ಬಾ. ಬಂದು ನನಗೆ ಹೇಳು. ಅವರ ಹಾಗೆ ಎಷ್ಟು ಹೊಡೆದೆವು ಎಂದು ಹೇಳಬೇಡ, ಎದ್ದು ಹಾರಿದಾಗ ಹೇಗಿತ್ತು ಅದನ್ನು ಹೇಳು.

ನಿನ್ನ ಕಾಗದದ ಕೊನೆಗೆ ನೀನು ಆಶೀರ್ವಾದ ಕೇಳಿದ್ದೆ. ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡು ಹರಸಿದರೆ ತಟ್ಟುತ್ತದೋ ಇಲ್ಲವೋ ಎಂದು ಹೆದರಿ, ನಿನ್ನೆ ಇಗರ್ಜಿಗೆ ಹೋಗಿ ಮರಿಯಮ್ಮನ ಮುಂದೆ ಮೊಂಬತ್ತಿ ಹಚ್ಚಿ ಬಂದೆ. ಅವಳ ಕೈ ನಿನ್ನ ತಲೆಯ ಮೇಲಿರಲಿ. ನಿನ್ನ ಕಾಲು ಬೆಚ್ಚಗಿರಲಿ, ಅಪ್ಪನ ಗುರಿ ನೆಟ್ಟಗಿರಲಿ, ನಾಯಿಗೆ ಮುಳ್ಳು ಚುಚ್ಚದಿರಲಿ.

ಮುತ್ತುಗಳೊಂದಿಗೆ
ನಿನ್ನ ಅಮ್ಮ
ಇದಾಲೀನಾ

ತಾ.ಕ.: ಬೂಟು ಕೊಳ್ಳಲು ಹೋಗಬೇಡ. ಚೀಲದ ಅಡಿಯಲ್ಲಿ ಕಂದು ಬಣ್ಣದ ಒಂದು ಜೊತೆ ಇದೆ, ನಿನ್ನದೂ ನನ್ನದೂ ಒಂದೇ ಅಳತೆ. ಅತಾಲೀಬಾ ಬಿದ್ದ ವಾರವೇ ಕೊಂಡದ್ದು. ಹೊಸತು ಹಿಮ್ಮಡಿ ಕಚ್ಚುತ್ತದೆಂದು ದಿನವೂ ಹಾಕಿಕೊಂಡು ಮೀನು ಮಾರುಕಟ್ಟೆಯವರೆಗೆ ನಡೆದು ಬರುತ್ತಿದ್ದೆ. ಜಿಲಾ ಕೇಳಿದಾಗ ಕಾಲುನೋವಿಗೆ ಡಾಕ್ಟರು ಹೇಳಿದ್ದಾರೆ ಎಂದೆ. ಈಗ ಚರ್ಮ ಮೆತ್ತಗಾಗಿದೆ, ನಿನಗೆ ಕಚ್ಚುವುದಿಲ್ಲ. ಒಂದು ಭಾನುವಾರ ಧೈರ್ಯ ಮಾಡಿ, ಬೂಟು ಹಾಕಿಕೊಂಡೇ ನಿಮ್ಮಪ್ಪನ ಕುರ್ಚಿಯ ಮುಂದೆ ಹೋಗಿ ನಿಂತೆ. ನನ್ನನ್ನು ಕರೆದುಕೊಂಡು ಹೋಗಿ ಎನ್ನಲು ನಾಲಿಗೆ ಏಳಲಿಲ್ಲ, ನೋಡಿದರೆ ಅವರಿಗೇ ತಿಳಿಯುತ್ತದೆ ಎಂದುಕೊಂಡೆ. ಅವರು ಪೇಪರು ಕೆಳಗಿಟ್ಟರು. ಬಗ್ಗಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮುಖ ಅರಳಿತು ಕಣೆ. "ಒಳ್ಳೆ ಬೂಟು ಇದಾಲೀನಾ. ಜುರೇಮಾಗೂ ಇದೇ ಅಳತೆ ಅಲ್ವಾ?" ಅಂದರು. ನಿನಗೆ ಫೋನು ಹಚ್ಚಿದ್ದು ಆಗಲೇ. ನಾನಿನ್ನೂ ಅಡುಗೆಮನೆಯಲ್ಲಿ ಕುಳಿತು ಲೇಸು ಬಿಚ್ಚುತ್ತಿದ್ದೆ.