ಕೇಳದೆ ಕೊಟ್ಟ ಪಟ್ಟಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.30

ಮತ್ತೆ ಅದೇ ಕನಸು. ಅಂಗಡಿಗೆ ಮೂವರು ಬಂದಿದ್ದಾರೆ. ಕೈಯಲ್ಲಿ ಬ್ಲೇಡು. ಗೋಡೆಯ ಕ್ಯಾಲೆಂಡರ್ ಕೆರೆದು ತೆಗೆದರು. ಬೋರ್ಡಿನ ಬಣ್ಣ ಕೆರೆದರು. ಆಮೇಲೆ ಕನ್ನಡಿಯ ಮುಂದೆ ನಿಂತು 'ಇದೂ ನಮ್ಮದೇ' ಎಂದು ಅದರೊಳಗಿದ್ದ ನನ್ನ ಮುಖವನ್ನೇ ಕೆರೆಯತೊಡಗಿದರು. ನಾನು ತಡೆಯಲಿಲ್ಲ. ತಡೆಯದಿದ್ದದ್ದು ಹಾಳಾಗಿ ಹೋಗಲಿ — ಬಕೆಟ್‌ನಲ್ಲಿ ನೀರು ತಂದು ಕೊಡುತ್ತಿದ್ದೆ, ಅವರ ಕೆಲಸ ಸುಲಭವಾಗಲಿ ಎಂದು.

ಎದ್ದು ಫೋನ್ ನೋಡಿದೆ. ಮೇಲ್ ಇನ್ನೂ ಇದೆ. ಗುರುವಾರ ಬಂದದ್ದು. ನನ್ನ ರಿಪೇರಿ ಅಂಗಡಿಯ ಇಂಟರ್ನೆಟ್ ಪೇಜಿನಲ್ಲಿ ಎಲ್ಲಕ್ಕಿಂತ ಮೇಲಿರುವ ಹೊಲಿಗೆ ಮಿಷನ್ನಿನ ಫೋಟೋ, ಫೋಟೋ ಮಾರುವ ಯಾವುದೋ ಕಂಪನಿಯದಂತೆ. ಮೂರು ವರ್ಷ ಅನುಮತಿ ಇಲ್ಲದೆ ಬಳಸಿದ್ದೇನಂತೆ. ಮೂವತ್ತು ದಿನದೊಳಗೆ ದುಡ್ಡು ಕಟ್ಟಬೇಕು, ಇಲ್ಲವೇ ಅನುಮತಿಯ ದಾಖಲೆ ತೋರಿಸಬೇಕು. ಎರಡೂ ಆಗದಿದ್ದರೆ ಕೋರ್ಟು. ಕೇಳಿರುವುದು ನನ್ನ ಎರಡು ತಿಂಗಳ ದುಡಿಮೆ.

'ಹಕ್ಕುಸ್ವಾಮ್ಯ ಉಲ್ಲಂಘನೆ.' ಕಾಗದದ ಮೇಲೆ ಬರೆದು ನೋಡಿದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬರೆದರೆ ಇನ್ನೂ ಭಯವಾಗುತ್ತದೆ.

ನನ್ನವಳಿಗೆ ಹೇಳಿಲ್ಲ. ಮುಖ ನೋಡಿಯೇ ಏನೋ ಇದೆ ಅಂದುಕೊಂಡಿದ್ದಾಳೆ. ಕಾಫಿ ಕೊಡುತ್ತಾ, 'ಊರವರ ಮಿಷನ್ನಿಗೆಲ್ಲ ದಾರದ ಟೆನ್ಷನ್ ಸರಿ ಮಾಡ್ತೀರಿ. ನಿಮ್ಮದು ಸರಿ ಮಾಡೋಕೆ ಯಾರನ್ನ ಕರೀಲಿ?' ಎಂದಳು. ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಅದೇ ದಿನ, ಮಧ್ಯಾಹ್ನ

ಮಹಡಿ ಹತ್ತಿ ತಂಗಿಗೆ ಹೇಳಿಬಿಟ್ಟೆ. ಪೇಜ್ ಮಾಡಿಕೊಟ್ಟವಳು ಅವಳೇ. ಗಂಡನ ಮನೆ ಬಿಟ್ಟು ಬಂದ ಮೇಲೆ ಕಲಿತ ಕೆಲಸ. ಊಟದ ಮೇಜಿನ ಮೇಲೇ ಕಂಪ್ಯೂಟರ್, ಪಕ್ಕದಲ್ಲಿ ಬೋರಲು ಹಾಕಿದ ಲೋಟಗಳು. ಈ ರಸ್ತೆಯಲ್ಲಿ ಇನ್ನೂ ನಾಲ್ಕು ಪೇಜ್ ಅವಳ ಕೈಯವು — ಕಟಿಂಗ್ ಶಾಪ್, ಬೇಕರಿ, ಕನ್ನಡಕದಂಗಡಿ, ಟ್ಯೂಷನ್ ಮೇಡಂ. ತಿಂಗಳಿಗಿಷ್ಟು ಅಂತ ಕೊಡುತ್ತಾರೆ. ಅದರಲ್ಲೇ ಅವಳ ಜೀವನ. ಬಾಡಿಗೆ ಬೇಡವೆಂದರೂ ನನ್ನ ಜೇಬಿಗೆ ತುರುಕುತ್ತಾಳೆ.

ಮೇಲ್ ಓದಿದಳು. ಹುಬ್ಬು ಕೂಡ ಅಲುಗಲಿಲ್ಲ.

'ಅಣ್ಣ, ನೀನು ಇವರಿಗೆ ಏನೂ ಬರೆದಿಲ್ಲ ತಾನೇ?'

'ಇಲ್ಲ ಪುಟ್ಟಿ.'

'ಬರೀಬೇಡ. ಕೈ ಮುಗೀತೀನಿ, ಒಂದಕ್ಷರ ಬರೀಬೇಡ. ಫೋಟೋ ಈಗಲೇ ತೆಗೀತೀನಿ. ನಿನ್ನದು ನಾನು ಮಾಡಿದ ಮೊದಲನೇ ಪೇಜು. ಅದಕ್ಕೆ ದುಡ್ಡು ಕೊಟ್ಟೇ ಫೋಟೋ ತಗೊಂಡಿದ್ದ ಹಾಗೆ ನೆನಪು. ರಸೀದಿ ಹಳೇ ಮೇಲ್‌ನಲ್ಲಿರಬೇಕು. ಪಾಸ್‌ವರ್ಡ್ ಮರೆತು ಕೂತಿದೀನಿ. ಸ್ವಲ್ಪ ದಿನ ಕೊಡು.'

'ಮತ್ತೆ ಬೇರೆಯವರ ಪೇಜುಗಳು?'

ಲೋಟವೊಂದನ್ನು ಎತ್ತಿ, ಮತ್ತೆ ಬೋರಲು ಹಾಕಿದಳು.

'ಅವಕ್ಕೆಲ್ಲ... ಸಿಕ್ಕಿದ್ದು ಹಾಕಿದೀನಿ ಅಣ್ಣ. ಅವರು ಕೊಡೋ ದುಡ್ಡಿಗೆ ಫೋಟೋ ಎಲ್ಲಿಂದ ಕೊಳ್ಳಲಿ? ಒಂದೊಂದಾಗಿ ಬದಲಾಯಿಸ್ತೀನಿ. ಈಗ ಅದನ್ನ ಯಾರು ಕೇಳಿದ್ರು? ನೀನು ಬಾಯಿ ಹೊಲ್ಕೊಂಡಿರು.'

ಮಾರ್ಚ್ 5, ಬುಧವಾರ

ಫೋಟೋ ಹೋಗಿಲ್ಲ. ತೆಗೆದೆ ಎಂದಳು. ನನ್ನ ಫೋನಿನಲ್ಲಿ ಇದೆ. ಬೆಳಿಗ್ಗೆ ಇತ್ತು, ಹತ್ತಕ್ಕೆ ಇತ್ತು, ಊಟದ ಹೊತ್ತಿಗೂ ಇತ್ತು. ಕಪ್ಪು ಮಿಷನ್ನು, ಚಿನ್ನದ ಬಣ್ಣದ ಬಳ್ಳಿ ಚಿತ್ರ, ಸೂಜಿಯ ಕೆಳಗೆ ಕೆಂಪು ಬಟ್ಟೆ. ಮೊದಲೆಲ್ಲ ಎಷ್ಟು ಚಂದ ಕಾಣುತ್ತಿತ್ತು.

ಕೇಳಲು ಮಹಡಿ ಹತ್ತಿದೆ. ಬೀಗ. ಕೆಲಸದ ಮೇಲೆ ಹೋಗಿದ್ದಾಳೆ. ಸಂಜೆ ಬಂದಾಗ ಸುಸ್ತಾಗಿದ್ದಳು, ಕೇಳಲಿಲ್ಲ. ಕೇಳಿದರೆ ಅಣ್ಣ ನನ್ನನ್ನು ನಂಬುವುದಿಲ್ಲ ಅಂದುಕೊಂಡಾಳು.

ಒಬ್ಬ ಟೈಲರಿನ ಮಿಷನ್ನಿಗೆ ಬೆಲ್ಟು ಹಾಕಿ ಕಳಿಸಿದೆ. ಅರ್ಧ ಗಂಟೆಗೆ ವಾಪಸ್ ತಂದ. ಕೆಳಗಿನ ದಾರದ ಬಾಬಿನ್ ಕೇಸೇ ಹಾಕಿರಲಿಲ್ಲ ನಾನು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ.

ಮಾರ್ಚ್ 6, ಗುರುವಾರ. ಮಧ್ಯಾಹ್ನ 3

ಬರೆದೆ. ಕಳಿಸಿಯೂ ಆಯಿತು.

ಫೋಟೋ ಇನ್ನೂ ಇದೆಯಲ್ಲ, ಅವರೂ ನೋಡುತ್ತಿರುತ್ತಾರಲ್ಲ, ಕೊಬ್ಬು ಎಂದುಕೊಳ್ಳುತ್ತಾರಲ್ಲ... ತಡೆಯಲಾಗಲಿಲ್ಲ. ಶಟರ್ ಅರ್ಧ ಎಳೆದು ಕೂತು ಬರೆದೆ. ಉದ್ದವಾಯಿತು. ನಾನು ಬಡ ಮೆಕ್ಯಾನಿಕ್. ಫೋಟೋ ಹಾಕಿದ್ದು ನನ್ನ ತಂಗಿ, ಹೆಸರು ಇಂಥದ್ದು. ಅವಳಿಗೆ ಗಂಡ ಇಲ್ಲ, ಇದ್ದೂ ಇಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು ಹಾಕುತ್ತಾಳೆ, ಕೆಟ್ಟ ಬುದ್ಧಿಯಿಂದಲ್ಲ. ಇನ್ನೂ ನಾಲ್ಕು ಪೇಜ್ ಮಾಡಿದ್ದಾಳೆ, ಅವುಗಳ ವಿಳಾಸವನ್ನೂ ಕೆಳಗೆ ಕೊಟ್ಟಿದ್ದೇನೆ, ನೀವೇ ನೋಡಿ, ಎಲ್ಲವೂ ಸಣ್ಣಪುಟ್ಟ ಅಂಗಡಿಗಳೇ, ದೊಡ್ಡ ಮನಸ್ಸು ಮಾಡಿ ಒಟ್ಟಿಗೆ ಕ್ಷಮಿಸಿಬಿಡಿ.

ಎಲ್ಲವನ್ನೂ ಹೇಳಿದರೆ ಮನಸ್ಸು ಕರಗುತ್ತದೆ. ಅರ್ಧ ಹೇಳಿದರೇ ತೊಂದರೆ. ಶಾಲೆಯಲ್ಲಿ ಮೇಜಿನ ಮೇಲಿನ ಗ್ಲೋಬು ಒಡೆದಿತ್ತು. ನಾಲ್ವರು ಚೆಂಡಿನ ಹಾಗೆ ಎಸೆದಾಡಿದ್ದೆವು. ಹೆಡ್‌ಮಾಸ್ಟರು ನನ್ನನ್ನು ಕರೆದು ಕೇಳಿದ್ದು 'ನೀನು ಮುಟ್ಟಿದ್ದೆಯಾ' ಎಂದಷ್ಟೇ. ನಾನು ಉಳಿದ ಮೂವರ ಹೆಸರೂ ಹೇಳಿದೆ. ಯಾರು ಮೊದಲು ಎಸೆದರು, ಯಾರ ಕೈ ತಪ್ಪಿತು, ಎಲ್ಲ. ಬೆನ್ನು ತಟ್ಟಿ ಕಳಿಸಿದರು. ಒಂದೇಟೂ ಬೀಳಲಿಲ್ಲ. ಶಾಲೆಯಲ್ಲಿ ಕಲಿತದ್ದರಲ್ಲಿ ಚೆನ್ನಾಗಿ ನೆನಪಿರುವುದು ಅದೊಂದೇ.

ಮಾರ್ಚ್ 7, ಶುಕ್ರವಾರ

ಉತ್ತರ ಬಂತು! 'ತಮ್ಮ ಸಹಕಾರಕ್ಕೆ ಧನ್ಯವಾದಗಳು. ತಾವು ನೀಡಿದ ಮಾಹಿತಿಯನ್ನು ಪರಿಶೀಲಿಸಲಾಗುವುದು.'

ಧನ್ಯವಾದ ಹೇಳಿದ್ದಾರೆ. ಕೆಟ್ಟ ಜನ ಧನ್ಯವಾದ ಹೇಳುತ್ತಾರೆಯೇ?

ತಂಗಿ ಸಿಕ್ಕಾಗ ಫೋಟೋ ವಿಷಯ ಕೇಳಿದೆ. ನನ್ನ ಫೋನ್ ಕಿತ್ತುಕೊಂಡು ಏನೋ ಒತ್ತಿದಳು. ಫೋಟೋ ಮಾಯ. 'ಸೋಮವಾರವೇ ತೆಗೆದಿದೀನಿ ಅಣ್ಣ. ನಿನ್ನ ಫೋನು ಹಳೇದನ್ನೇ ಇಟ್ಕೊಂಡು ತೋರಿಸ್ತಿತ್ತು. ಅದೂ ನಿನ್ನ ಹಾಗೇ, ಹಿಡಿದಿದ್ದು ಬಿಡಲ್ಲ' ಎಂದು ತಲೆಯ ಮೇಲೆ ಮೊಟಕಿದಳು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಮಾರ್ಚ್ 17, ಸೋಮವಾರ

ಹತ್ತು ದಿನ ಚೆನ್ನಾಗಿದ್ದೆ. ಬರೆಯುವಂಥದ್ದೇನೂ ಇರಲಿಲ್ಲ.

ಬೆಳಿಗ್ಗೆ ಕಟಿಂಗ್ ಶಾಪಿನವನು ಬಂದ. ಭುಜದ ಮೇಲೆ ಟವೆಲ್, ಬೆರಳಲ್ಲಿ ಸೋಪಿನ ನೊರೆ. ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಬಂದಿದ್ದಾನೆ.

'ಸೂಜಿಯಣ್ಣ, ತಂಗಿ ಇದಾಳಾ? ನನ್ನ ಪೇಜಲ್ಲಿ ಒಬ್ಬ ಗಡ್ಡದ ಮಹಾಶಯ ಇದಾನಲ್ಲ, ಅವನ ಫೋಟೋಗೆ ಕೇಳ್ತಿರೋ ದುಡ್ಡಲ್ಲಿ ಇಡೀ ಊರಿಗೆ ಪುಕ್ಕಟೆ ಕಟಿಂಗ್ ಮಾಡಬಹುದು ಕಣಯ್ಯ!'

ನಗುತ್ತಲೇ ಹೇಳಿದ. ಫೋನಿಗೆ ಹತ್ತಿದ ನೊರೆಯನ್ನು ಮಾತ್ರ ಟವೆಲ್ಲಿಗೆ ಒರೆಸುತ್ತಲೇ ಇದ್ದ.

'ಮೇಲಿದಾಳೆ' ಎಂದೆ. ಎಣ್ಣೆ ಕ್ಯಾನು ಕೈಯಲ್ಲಿತ್ತು. ಗೊತ್ತಿಲ್ಲದೆ ಬಿಡುತ್ತಲೇ ಇದ್ದೆ. ಮಿಷನ್ನಿನ ಕೆಳಗೆ ಕೆರೆಯಾಯಿತು.

ಮಾರ್ಚ್ 19, ಬುಧವಾರ

ಬೇಕರಿಗೂ ಅದೇ ಕಂಪನಿಯ ಮೇಲ್ ಬಂತು. ಕನ್ನಡಕದಂಗಡಿಗೂ ಬಂತು. ಟ್ಯೂಷನ್ ಮೇಡಮ್ಮಿಗೆ ಬಂದಿಲ್ಲ, ಆದರೆ ಹೆದರಿ ಪೇಜೇ ಮುಚ್ಚಿಸಿದ್ದಾರೆ.

ತಂಗಿಯ ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ. ಕೆಳಗೆ ಕೂತರೆ ಕೇಳಿಸುತ್ತದೆ. 'ಹೌದು ಸರ್.' 'ನನ್ನದೇ ತಪ್ಪು ಸರ್.' 'ಇಲ್ಲ ಸರ್, ಓಡಿ ಹೋಗಲ್ಲ.'

ಸಂಜೆ ಮೆಟ್ಟಿಲ ಮೇಲೆ ಕೂತಿದ್ದಳು. 'ಒಂದು ಅರ್ಥ ಆಗ್ತಿಲ್ಲ ಅಣ್ಣ. ಬೇರೆ ಬೇರೆ ಅಂಗಡಿ, ಬೇರೆ ಬೇರೆ ಫೋಟೋ. ಎಲ್ಲಾದಕ್ಕೂ ಒಂದೇ ವಾರ ಹೇಗೆ ಬಂತು? ಯಾರೋ ಪಟ್ಟಿ ಮಾಡಿ ಕೊಟ್ಟ ಹಾಗಿದೆ.'

'ಕಂಪ್ಯೂಟರೇ ಹುಡುಕುತ್ತೇನೋ' ಎಂದೆ.

'ಹುಡುಕಬಹುದು' ಎಂದಳು. ನನ್ನ ಕಡೆ ನೋಡಲಿಲ್ಲ. ಅನುಮಾನ ಇರಲಿಲ್ಲ, ಅದಕ್ಕೇ ನೋಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮಾರ್ಚ್ 22, ಶನಿವಾರ

ರಸೀದಿ ಸಿಕ್ಕಿತು. ಎರಡೆರಡು ಮೆಟ್ಟಿಲು ಹಾರಿ ಬಂದಳು. ಮೂರು ವರ್ಷದ ಹಿಂದಿನ ತಾರೀಕು, ಫೋಟೋ ನಂಬರ್, ಅವಳು ಕಟ್ಟಿದ ದುಡ್ಡು, ಎಲ್ಲ ಇದೆ. ಮಿಷನ್ನಿನ ಫೋಟೋ ಅವಳು ಕೊಂಡದ್ದೇ. ಕದ್ದದ್ದಲ್ಲ.

'ನೋಡು! ನಿನ್ನ ಪೇಜಿಗೆ ಅಂತ ನನ್ನ ಮೊದಲ ಸಂಪಾದನೆಯಲ್ಲಿ ತಗೊಂಡಿದ್ದು. ಅಣ್ಣನ ಅಂಗಡಿ ಚೆನ್ನಾಗಿ ಕಾಣಲಿ ಅಂತ. ಸುಮ್ಮನಿದ್ದಿದ್ದಕ್ಕೆ ಒಳ್ಳೇದಾಯ್ತು, ನಾವು ಒಂದಕ್ಷರ ಬರೆದಿಲ್ಲ.'

ನನ್ನವಳು ಸಕ್ಕರೆ ತಂದು ಅವಳ ಬಾಯಿಗೆ ಹಾಕಿದಳು. ನನಗೂ ಹಾಕಿದಳು. ನುಂಗಿದೆ.

ರಸೀದಿ ಕಳಿಸಿದಳು. ಜೊತೆಗೆ, ಆ ಮೂವರು ಅಂಗಡಿಯವರಿಗೆ ಏನೂ ಗೊತ್ತಿಲ್ಲ, ಅವರನ್ನು ಬಿಡಿ ಎಂದೂ ಬರೆದಳಂತೆ.

ಮಾರ್ಚ್ 25, ಮಂಗಳವಾರ. ಸಂಜೆ 5

ಕಂಪನಿಯಿಂದ ಉತ್ತರ. ನನ್ನ ಮೇಲಿನದು ಕೈಬಿಟ್ಟಿದ್ದಾರೆ. ಉಳಿದ ಮೂರನ್ನು ಬಿಡುವುದಿಲ್ಲ. ಆಧಾರ, ಮಾರ್ಚ್ ಆರರ ಪತ್ರ, ಲಗತ್ತಿಸಿದೆ.

ತಂಗಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಜೋರಾಗಿ ಓದಿದಳು. ನಾನು ಬರೆದದ್ದನ್ನು ನನಗೇ. 'ಅವಳಿಗೆ ಗಂಡ ಇಲ್ಲ, ಇದ್ದೂ ಇಲ್ಲ.' ಅಲ್ಲಿ ಒಂದು ಸಲ ನಿಲ್ಲಿಸಿದಳು. ಮತ್ತೆ ಓದಿದಳು. ಕೊನೆಯವರೆಗೂ. ನಾಲ್ಕು ವಿಳಾಸವನ್ನೂ.

'ನಾನು... ಫೋಟೋ ಹೋಗಿಲ್ಲ ಅಂದುಕೊಂಡೆ ಪುಟ್ಟಿ. ನಿನಗೇ ಒಳ್ಳೇದಾಗಲಿ ಅಂತ...'

'ಅವರು ಕೇಳಿದ್ರಾ?'

'ಇಲ್ಲ.'

'ಒಂದು ಫೋಟೋ ಕೇಳಿದ್ರೆ ಇಡೀ ರಸ್ತೆ ಕೊಟ್ಯಲ್ಲೋ ಅಣ್ಣ.'

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದು ನಿಂತು, ಫೋನನ್ನು ಸೆರಗಿಗೆ ಒರೆಸಿದಳು. 'ಸಾಲಿಗೆ ನಾಲ್ಕು ತಪ್ಪಿದೆ. ನನ್ನ ಹೆಸರು ಮಾತ್ರ ಎಷ್ಟು ಸರಿಯಾಗಿ ಬರೆದಿದೀಯ ನೋಡು.'

ಮಾರ್ಚ್ 29, ಶನಿವಾರ

ಮಹಡಿಗೆ ಕಳಿಸಿದ ಊಟ ಮುಚ್ಚಿದ ತಟ್ಟೆಯಲ್ಲೇ ವಾಪಸ್. ಮೂರನೇ ದಿನ. ನನ್ನವಳು ತಟ್ಟೆಯನ್ನು ನನ್ನ ಮುಂದೆ ಇಟ್ಟು, 'ನೀವೇ ತಿನ್ನಿ' ಎಂದಳು.

ತಂಗಿ ಬೆಳಿಗ್ಗೆ ಆರಕ್ಕೇ ಹೊರಡುತ್ತಾಳೆ. ಗೋಡೌನಿನಲ್ಲಿ ಪ್ಯಾಕಿಂಗ್. ಮೂವರ ದುಡ್ಡನ್ನೂ ತಾನೇ ಕಂತಿನಲ್ಲಿ ಕಟ್ಟುತ್ತೇನೆಂದು ಒಪ್ಪಿದ್ದಾಳೆ. ಕಂಪ್ಯೂಟರ್ ಮಾರಿದಳು. ನಾನು ಕೊಡುತ್ತೇನೆ ಎಂದು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಪಕ್ಕಕ್ಕೆ ಸರಿದು ಹೋದಳು, ಗೋಡೆಗೆ ಬಣ್ಣ ಬಳಿದಿದ್ದರೆ ಸರಿಯುವ ಹಾಗೆ.

ಕಟಿಂಗ್ ಶಾಪಿಗೆ ಹೋದೆ. ಕುರ್ಚಿ ಖಾಲಿ ಇತ್ತು. 'ಇವತ್ತು ಆಗಲ್ಲ' ಎಂದ. ಸೂಜಿಯಣ್ಣ ಎನ್ನಲಿಲ್ಲ. ಗಡ್ಡ ಹಾಗೇ ಇದೆ.

ಆ ಗ್ಲೋಬಿನ ವಿಷಯ ಪೂರ್ತಿ ಬರೆದಿರಲಿಲ್ಲ. ಶಾಲೆ ಯಾಕೆ ಬಿಟ್ಟೆ ಎಂದರೆ ಜ್ವರ ಎನ್ನುತ್ತೇನೆ. ಜ್ವರ ಬಂದಿರಲಿಲ್ಲ. ಆ ಮೂವರು ಹೊಡೆಯಲೂ ಇಲ್ಲ. ಮಾರನೇ ದಿನ ಬೆಂಚಿನ ಮೇಲೆ ಕೂತೆ, ಅವರು ಎದ್ದು ಹಿಂದೆ ಹೋದರು. ಅಷ್ಟೇ. ಇಡೀ ಬೆಂಚು ನನಗೇ. ಹದಿನೈದು ದಿನ ಕೂತೆ. ಹದಿನಾರನೇ ದಿನ ಹೋಗಲಿಲ್ಲ.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 10

ಕಂಪನಿಗೆ ಹೊಸ ಪತ್ರ ಬರೆದೆ. ಮೊದಲು ಕಾಗದದ ಮೇಲೆ. ಆ ನಾಲ್ಕೂ ಪೇಜುಗಳಿಗೆ ಫೋಟೋ ಹುಡುಕಿ ಕೊಟ್ಟದ್ದು ನಾನು. ತಂಗಿ ನಾನು ಹೇಳಿದ ಕಡೆ ಅಂಟಿಸಿದ್ದಾಳೆ, ಅವಳಿಗೆ ಏನೂ ಗೊತ್ತಿಲ್ಲ. ಮೊದಲಿನ ಪತ್ರ ಸುಳ್ಳು. ಕಂತು ನನ್ನ ಹೆಸರಿಗೆ ಹಾಕಿ.

ನನ್ನವಳು ಓದಿದಳು. 'ಕಂಪ್ಯೂಟರ್ ಯಾವ ಕಡೆಯಿಂದ ಆನ್ ಆಗುತ್ತೆ ಅಂತ ಗೊತ್ತಿಲ್ಲದವರು ನಾಲ್ಕು ಪೇಜಿಗೆ ಫೋಟೋ ಹುಡುಕಿದ್ರಾ? ಯಾರು ನಂಬ್ತಾರ್ರೀ?'

'ನಿಜ ಬರೆದಾಗ ನಂಬಿದ್ರಲ್ಲ.'

ನಗಲಿಲ್ಲ. ಕಾಗದ ಮಡಚಿ ವಾಪಸ್ ಕೊಟ್ಟಳು. 'ಈ ಸಲನಾದ್ರೂ ಕಳಿಸೋ ಮುಂಚೆ ಅವಳಿಗೆ ತೋರಿಸಿ.'

ಹತ್ತೂವರೆ

ಮಹಡಿಯಲ್ಲಿ ಇದ್ದಾಳೆ. ಇವತ್ತು ರಜೆ. ಲೋಟದ ಸದ್ದು ಕೇಳುತ್ತಿದೆ. ಬಾಗಿಲು ತಟ್ಟುವ ಧೈರ್ಯ ಇಲ್ಲ. ಪತ್ರವನ್ನು ಸಂದಿಯಿಂದ ತಳ್ಳುತ್ತೇನೆ. ಜೊತೆಗೆ ಈ ಚೀಟಿ. ಏನು ಬರೆದೆ ಎಂದು ಆಮೇಲೆ ಒದ್ದಾಡಬಾರದು, ಅದಕ್ಕೆ ಇಲ್ಲೂ ಬರೆದಿಡುತ್ತಿದ್ದೇನೆ.

'ಪುಟ್ಟಿ, ಇದನ್ನು ಕಳಿಸಿಲ್ಲ. ನೀನು ಹೂಂ ಅನ್ನದೆ ಕಳಿಸುವುದಿಲ್ಲ. ಕಾಗುಣಿತ ಹೇಗಿದ್ದರೂ ಇರಲಿ, ತಿದ್ದಬೇಡ. ಒಂದೇ ಒಂದು ನೋಡು. ಎರಡನೇ ಸಾಲಿನಲ್ಲಿ "ತಪ್ಪು ಮಾಡಿದವರು" ಅಂತ ಇದೆಯಲ್ಲ, ಅದರ ಮುಂದೆ ಒಂದು ಹೆಸರು ಬರೆದಿದ್ದೇನೆ. ನಾಲ್ಕು ಸಲ ನೋಡಿದೆ. ಆದರೂ ನನ್ನ ಕಣ್ಣನ್ನು ನಾನು ನಂಬಲಾರೆ. ಅಲ್ಲಿರುವುದು ನನ್ನ ಹೆಸರೇ ತಾನೇ? ಇನ್ನೊಂದು ಸಲ ನೋಡಿ ಹೇಳು.'