ಹಗ್ಗದ ಮೇಲಿನ ಬಟ್ಟೆ

ಅಕ್ಕಾ,

ಪಾಪು ಹೇಗಿದ್ದಾಳೆ ಅಂತ ಕೇಳಿಕಳಿಸಿದ್ದೆಯಲ್ಲ. "ಚೆನ್ನಾಗಿದ್ದಾಳೆ ಅಂತ ಬರಿ. ಅವಳದು ಹೊಸ ಕೆಲಸ, ಅರ್ಧಕ್ಕೆ ಎದ್ದು ಬಂದುಬಿಟ್ಟಾಳು" ಎಂದು ಅಮ್ಮ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಅವಳಿಗೆ ಓದಲು ಬಾರದು. ನನಗೆ ಸುಳ್ಳು ಬರೆಯಲು ಬಾರದು.

ನಿನ್ನ ಪಾಪು ಚೆನ್ನಾಗಿಲ್ಲ. ಮೊದಲು ಹಾಲು ಕಟಬಾಯಲ್ಲಿ ಇಳಿಯುತ್ತಿತ್ತು. ಈಗ ಚಿಮ್ಮಿ ಗೋಡೆಗೆ ಬೀಳುತ್ತದೆ. ಕಕ್ಕಿದ ತಕ್ಷಣ ಹಸಿವೆಂದು ಅಳುತ್ತಾಳೆ, ಕುಡಿಸಿದರೆ ಮತ್ತೆ ಅದೇ. "ಕಕ್ಕುವ ಕೂಸೇ ಕೊಬ್ಬೋದು. ಶಾಲೆ ಬಿಟ್ಟವಳು ಡಾಕ್ಟರಾಗಿಬಿಟ್ಟಳು!" ಅನ್ನುತ್ತಾಳೆ ಅಮ್ಮ. ಆದರೆ ಬಟ್ಟೆ ಒಗೆಯುವವಳು ನಾನು. ಇವತ್ತು ಹಗ್ಗದ ತುಂಬ ಹಾಲು ಕಕ್ಕಿದ ಬಟ್ಟೆಗಳೇ, ಉಚ್ಚೆಬಟ್ಟೆ ಒಂದೂ ಇಲ್ಲ. ಬೆಳಿಗ್ಗೆ ಅವಳಿಗೆ ಕಟ್ಟಿದ ಬಟ್ಟೆ ಇನ್ನೂ ಒದ್ದೆಯೇ ಆಗಿಲ್ಲ. ಅತ್ತರೆ ಕಣ್ಣೀರೂ ಬರುತ್ತಿಲ್ಲ ಅಕ್ಕಾ.

"ಚೆನ್ನಾಗಿದ್ದಾಳೆ ಅನ್ನೋಕೆ ಇಷ್ಟುದ್ದ ಯಾಕೆ ಬರೀತೀಯೇ?" ಅಂತ ಅಮ್ಮ ಕೇಳುತ್ತಿದ್ದಾಳೆ.

ಈಗ ಪಾಪುವನ್ನು ಎತ್ತಿಕೊಂಡು, ಬಾಗಿಲಲ್ಲಿ ನಿಂತು, ಇದನ್ನೆಲ್ಲ ಅಮ್ಮನಿಗೆ ಓದಿ ಹೇಳುತ್ತೇನೆ. ಆಮೇಲೆ ಚೀಟಿಯನ್ನು ನಿನ್ನಲ್ಲಿಗೇ ಪಾಳಿ ಕೆಲಸಕ್ಕೆ ಹೊರಟಿರುವ ಪಕ್ಕದ ಮನೆ ಅತ್ತಿಗೆಯ ಕೈಗಿಟ್ಟು ಓಡುತ್ತೇನೆ. ಬೈಯುವುದಿದ್ದರೆ ನಾಳೆ ಬೈಯಿ. ಮನೆಗೆ ಬರಬೇಡ, ನೇರ ಮಕ್ಕಳ ಆಸ್ಪತ್ರೆಗೆ ಬಾ.

ನಿನ್ನ ತಂಗಿ