ದುಬೈ ತಿರುಗಿಸಿ ಕಳಿಸಿದ ಬೆಲ್ಲ

ಕಂಪ್ಲಿಯ ಆಲೆಮನೆಯ ದೊರೆಯೇ, ನನ್ನ ಸೋದರಮಾವನೇ,

ಕೇಳು! ಸುದ್ದಿ ತಂದಿದ್ದೇನೆ. ಪರದೆ ಏಳುವ ಮುಂಚೆಯೇ ಹೇಳಿಬಿಟ್ಟರೆ ನೀನೇ ಬೈಯುತ್ತೀ, ಅದಕ್ಕೇ ಮೊದಲಿಂದ ಬರುತ್ತೇನೆ.

ದುಬೈಯಿಂದ ಫೋನು ಬಂದ ಆ ಮಧ್ಯಾಹ್ನ ನೆನಪಿದೆಯಾ? ಹೊಸಪೇಟೆಯ ಗೋದಾಮಿನಲ್ಲಿ ನಾವು ಡಬ್ಬಿ ತುಂಬಿ ಕಳಿಸಿದ ಬೆಲ್ಲವನ್ನು ಅಲ್ಲಿನ ಬಂದರಿನಲ್ಲೇ ತಡೆದಿದ್ದರು. ಪರೀಕ್ಷೆಯಲ್ಲಿ ಕೆಂಪು ಪುಡಿ ಸಿಕ್ಕಿದೆ, ಬಣ್ಣ ಬೆರೆಸಿದ್ದೀರಿ, ಇಡೀ ಮಾಲು ವಾಪಸ್! ವರ್ಷವರ್ಷವೂ ನಾಟಕದಲ್ಲಿ ರಾಜನಾಗುತ್ತಿದ್ದ ನೀನು ಗದೆ ಎತ್ತಿದವನಂತೆ ಫೋನು ಹಿಡಿದು ಗುಡುಗಿದೆ: "ಬಣ್ಣ ಹಚ್ಚೋದು ನನ್ನ ಮಾರಿಗ್ರೀ, ಬೆಲ್ಲಕ್ಕಲ್ಲ!" ಆ ಕಡೆಯಿದ್ದ ವ್ಯಾಪಾರಿ ನಮ್ಮ ಸೀಮೆಯವನೇ. "ನಂಗೊತ್ತೈತ್ರಿ ಯಜಮಾನ್ರ, ಅವ್ರಿಗೆ ಗೊತ್ತಾಗ್ಬೇಕಲ್ರಿ" ಎಂದ.

ಆ ವರ್ಷ ನೀನು ನಾಟಕಕ್ಕೆ ಬಣ್ಣ ಹಚ್ಚಲಿಲ್ಲ. "ಕಲಬೆರಕಿ ಮಾಡಾವ ರಾಜನ ಪಾರ್ಟು ಮಾಡ್ತಾನಂತ ಮಂದಿ ನಗಂಗಿಲ್ಲೇನಲೇ ಅಳಿಯಾ?" ಎಂದೆ. ಆ ಕಳಂಕವನ್ನು ಹೊತ್ತೇ ಹೊರಟುಬಿಟ್ಟೆಯಲ್ಲ... ಇನ್ನಷ್ಟು ದಿನ ಕಾದಿದ್ದರೆ?

ಒಂದೆರಡು ತಿಂಗಳ ಹಿಂದೆ ಅತ್ತೆ ಗೋದಾಮಿಗೆ ಬಂದಳು. ಗೋಡೆಯ ಮೇಲಿನ ನಿನ್ನ ಫೋಟೊವನ್ನು ಸೆರಗಿನಿಂದ ಒರೆಸಿದಳು. ಸೆರಗು ಕೆಂಪಾಯಿತು!

"ಮುಂಜಾನಿ ಒರೆಸೀನಿ ಅತ್ತಿ" ಎಂದೆ.

"ಹಂಗಾರ ಬೆಲ್ಲ ಒರೆಸಾವ್ರು ಯಾರಲೇ?"

ಮಾವಾ, ಸಿಡಿಲು ಬಡಿದಂತಾಯಿತು! ಸಂಡೂರಿನ ಅದಿರು ಲಾರಿಗಳು ಹಗಲೂ ರಾತ್ರಿ ಓಡುವ ರಸ್ತೆಗೆ ನಮ್ಮ ಬಾಗಿಲು. ಚಹಾದಲ್ಲಿ, ಹುಬ್ಬಿನಲ್ಲಿ, ಬೇವಿನ ಎಲೆಯಲ್ಲಿ ಅದೇ ಕೆಂಪು ಧೂಳು. ನೋಡಿ ನೋಡಿ ನಮಗದು ಕಾಣುವುದೇ ನಿಂತಿತ್ತು. ನಮಗೆ ಧೂಳಾದದ್ದು ಅವರಿಗೆ ಬಣ್ಣ!

ಮರುದಿನವೇ ಖಾಲಿ ಡಬ್ಬಿಗಳನ್ನೆಲ್ಲ ಕಂಪ್ಲಿಗೆ ಸಾಗಿಸಿದೆ. ನಿನ್ನ ಆಲೆಮನೆಯ ಪಕ್ಕದ ಕೋಣೆಗೆ ಸುಣ್ಣ ಬಳಿದು, ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ, ಅಚ್ಚು ಬಿಡಿಸಿದ ಬೆಲ್ಲವನ್ನು ಅಲ್ಲೇ ತುಂಬಿ ಮುಚ್ಚಿದೆವು. ಎಂದೂ ಅದಿರು ಹೊತ್ತಿರದ ಲಾರಿಗಾಗಿ ಅಲೆದೆ ನೋಡು! ಸಿಕ್ಕಿದ್ದು ಹಾಲು ಸಾಗಿಸುವ ಮುಚ್ಚಿದ ಗಾಡಿ. ಮಾಲು ಹಡಗೇರಿದ ಮೇಲೆ ದಿನಕ್ಕೆ ಹತ್ತು ಸಲ ಫೋನು ತೆಗೆದು ನೋಡಿದೆ. ಈ ಸಲವೂ ತಿರುಗಿ ಬಂದರೆ ನಿನ್ನ ಹೆಸರು ತೊಳೆಯಲು ನನಗೆ ಇನ್ನೇನು ಉಳಿದಿತ್ತು?

ಈಗ ಏಳಲಿ ಪರದೆ! ಇವತ್ತು ಆ ವ್ಯಾಪಾರಿಯ ಫೋನು ಬಂತು: "ಪಾಸಾತ್ರೀ! ಬರೇ ಬೆಲ್ಲ ಐತಿ ಅಂತ ಬರ್ದು ಕೊಟ್ಟಾರ!" ನಾನು ಅಂಗಳದಲ್ಲಿ ನಿಂತು ಕೂಗಿದ ಕೂಗಿಗೆ ಅತ್ತೆ, "ಸಣ್ಣಗ ಒದರಲೇ, ಫೋನಿಲ್ದನ ದುಬೈಗೆ ಕೇಳ್ತೈತಿ" ಎಂದು ಗದರಿದಳು. ಗದರುತ್ತಲೇ ನಕ್ಕಳು. ನೀನು ಹೋದ ಮೇಲೆ ಅವಳು ನಕ್ಕದ್ದು ಇವತ್ತೇ.

ಈ ಸಲ ರಾಜನ ಪಾತ್ರ ನನ್ನದು, ಮಾವಾ. ನಿನ್ನ ಕಿರೀಟ ನನಗೆ ಸ್ವಲ್ಪ ಸಡಿಲ, ಒಳಗೆ ಬಟ್ಟೆ ತುರುಕಿಕೊಳ್ಳುತ್ತೇನೆ. ಕೆನ್ನೆಗೆ ಢಾಳಾಗಿ ಕೆಂಪು ಬಳಿದುಕೊಂಡೇ ರಂಗಕ್ಕಿಳಿಯುತ್ತೇನೆ. ಆ ಕೆಂಪು ಮಾತ್ರ ನಾವೇ ಹಚ್ಚಿದ್ದೆಂದು ಊರಿಗೆಲ್ಲ ಗೊತ್ತಿರುತ್ತದೆ.

ನಿನ್ನ ಅಳಿಯ